ದೇವರುಗಳು ಹೊರಡುವ ಮುನ್ನ

ಮಂಜು ಶಿಂಜಿ ಸರೋವರದಿಂದ ಎದ್ದು, ಯಾರ ಅಪ್ಪಣೆಯನ್ನೂ ಕೇಳದೆ ಮತ್ಸುಎ ಪಟ್ಟಣದೊಳಕ್ಕೆ ನಡೆದು ಬಂದಿತ್ತು. ಮೊದಲು ಚಿಪ್ಪುಮೀನು ಬಾಚುವವರ ದೋಣಿಗಳನ್ನು ನುಂಗಿತು. ಆಮೇಲೆ ದಡದ ಪೈನ್ ಮರಗಳನ್ನು, ಆಮೇಲೆ ಕಪ್ಪು ಹಲಗೆಯ ಕೋಟೆಯ ಕೆಳಗಿನ ಅರ್ಧವನ್ನು. ಮೇಲಿನ ಅರ್ಧ ಯಾವುದಕ್ಕೂ ಅಂಟಿಕೊಳ್ಳದೆ, ಇಳಿಯುವುದೋ ಏರುವುದೋ ಎಂದು ಯೋಚಿಸುತ್ತಿರುವ ಹಾಗೆ ಗಾಳಿಯಲ್ಲಿ ನಿಂತಿತ್ತು.

ಕೋಟೆಯ ಸುತ್ತಲಿನ ಕಂದಕದಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಕಾರ ತೊಕುಜಿ, ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ತನ್ನ ದೋಣಿಯ ಅಂಚನ್ನು ಬಗ್ಗಿ ನೋಡಿದ. ದೋಣಿ ಮಾಮೂಲಿಗಿಂತ ಒಂದು ಬೆರಳು ಆಳಕ್ಕೆ ಕೂತಿತ್ತು. ವರ್ಷ ವರ್ಷವೂ ಈ ವಾರದಲ್ಲಿ ಹೀಗೆಯೇ. ದೇಶದ ಮೂಲೆ ಮೂಲೆಯ ದೇವರುಗಳೆಲ್ಲ ತಮ್ಮ ತಮ್ಮ ಗುಡಿಗಳನ್ನು ಖಾಲಿ ಬಿಟ್ಟು ಈ ಇಝುಮೊ ಸೀಮೆಗೆ ಸಭೆಗೆಂದು ಬಂದಿಳಿಯುವ ವಾರ ಇದು. ಅಷ್ಟು ಜನದಲ್ಲಿ ಒಬ್ಬಿಬ್ಬರಾದರೂ ಕಾಲು ನೋವೆಂದು ದೋಣಿ ಹತ್ತದೆ ಇರುತ್ತಾರೆಯೇ? ಅದಕ್ಕೇ ತೊಕುಜಿ ದೋಣಿಯ ಮೂತಿಯ ಕಡೆಯ ಒಂದು ಕೂರುವ ದಿಂಬನ್ನು ಯಾರಿಗೂ ಕೊಡದೆ ಖಾಲಿ ಬಿಡುತ್ತಿದ್ದ.

"ಅದು ದೇವರ ತೂಕ ಅಲ್ಲ ಕಣಯ್ಯಾ, ರಜಾಯಿ ತೂಕ," ಎಂದ ಪಕ್ಕದ ದೋಣಿಯ ಕಗೆಯಾಮ. "ಚಳಿಗಾಲಕ್ಕೆ ಅಂತ ಎಂಟು ರಜಾಯಿ, ನಾಲ್ಕು ಅಗ್ಗಿಷ್ಟಿಕೆ ಒಳಗೆ ತುಂಬಿದೀವಿ. ದೋಣಿ ತೇಲ್ತಾ ಇರೋದೇ ಹೆಚ್ಚು."

ತೊಕುಜಿ ನಕ್ಕ. ಆದರೆ ಸದ್ದಿಲ್ಲದೆ ನಕ್ಕ, ಬಾಯಿಯ ಒಂದು ಮೂಲೆಯಲ್ಲಿ, ಯಾರೋ ಮಲಗಿರುವ ಮನೆಯಲ್ಲಿ ನಗುವ ಹಾಗೆ.

ಬೇರೆ ದಿನವಾಗಿದ್ದರೆ ಕಗೆಯಾಮನ ಮಾತು ಮುಗಿಯುವ ಮೊದಲೇ ಕಗೆಯಾಮನ ದನಿ, ಕಗೆಯಾಮನ ಮೂಗು ಏರಿಸುವ ಚಾಳಿ, ಕಗೆಯಾಮನ ಹೆಂಡತಿ ಅವನನ್ನು ಬೈಯುವಾಗಿನ ಕೀರಲು, ಮೂರೂ ತೊಕುಜಿಯ ಗಂಟಲಿನಿಂದ ಹೊರಬಿದ್ದು ಕಟ್ಟೆಯ ತುಂಬ ನಗು ಎದ್ದಿರುತ್ತಿತ್ತು. ಅರವತ್ತಮೂರು ವರ್ಷದ ತೊಕುಜಿ ಹುಟ್ಟಿನಿಂದ ಹುಟ್ಟು ಹಿಡಿದವನು, ಈಗ ಹುಟ್ಟಿನ ಜಾಗಕ್ಕೆ ಮೋಟಾರು ಬಂದಿತ್ತು, ಅಷ್ಟೆ. ಆದರೆ ಅವನ ಗಂಟಲಿಗೆ ಯಾವ ಮೋಟಾರೂ ಬೇಕಿರಲಿಲ್ಲ. ಹದ್ದು ಕೂಗುವುದು, ಒಸಾಕಾದ ಹೆಂಗಸು ಮೀನಿನ ಬೆಲೆ ಕೇಳಿ ಬೆಚ್ಚುವುದು, ಪುರಸಭೆಯವರು ಮೈಕಿನ ಮುಂದೆ ಕೆಮ್ಮುವುದು, ಕೊಕ್ಕರೆ ಯೋಚನೆ ಮಾಡುವುದು, ಏನು ಬೇಕು? ಕೊಕ್ಕರೆ ಯೋಚನೆ ಮಾಡುವಾಗ ಸದ್ದೇ ಮಾಡುವುದಿಲ್ಲ. ತೊಕುಜಿ ಅದನ್ನೂ ಮಾಡಿ ತೋರಿಸುತ್ತಿದ್ದ, ಜನ ಕೊಕ್ಕರೆಯನ್ನೇ ಕಂಡಂತೆ ನಗುತ್ತಿದ್ದರು. ದೋಣಿ ಕಂಪನಿಯವರು ಅವನ ದನಿಯನ್ನೇ ಟೇಪಿನಲ್ಲಿ ಹಿಡಿದು, ಸೇತುವೆಗಳ ಕತೆ, ಕೋಟೆಯ ಕತೆ, ನಡುನಡುವೆ ಹದ್ದು ಕೊಕ್ಕರೆಗಳ ಸಮೇತ, ಎಲ್ಲ ದೋಣಿಗಳಿಗೂ ಹಾಕಿಸಿದ್ದರು. ಅದನ್ನು ಹಿಡಿದದ್ದು ಚೆರ್ರಿ ಹೂವಿನ ಕಾಲದಲ್ಲಿ. ಹಾಗಾಗಿ ಕೊರೆಯುವ ಮಂಜಿನಲ್ಲೂ ಟೇಪಿನೊಳಗಿನ ತೊಕುಜಿ ವಸಂತದ ಹುಮ್ಮಸ್ಸಿನಲ್ಲಿ ಮಾತಾಡುತ್ತಿದ್ದ.

ದೇವರುಗಳ ವಾರದಲ್ಲಿ ಮಾತ್ರ ತೊಕುಜಿ ಟೇಪಿನ ಗುಂಡಿ ಒತ್ತಿ ಸುಮ್ಮನೆ ಕೂರುತ್ತಿದ್ದ.

ಅದು ಅವನ ಹಳ್ಳಿಯ ಕಟ್ಟಳೆ. ಯಾರಿಗೆ ಯಾರು ಎಂದು ಗಂಟು ಹಾಕುವ ದೊಡ್ಡ ಪಟ್ಟಿಯನ್ನು ದೇವರುಗಳು ಸಭೆಯಲ್ಲಿ ಓದುತ್ತಿರುವಾಗ ಕೆಳಗಿನವರು ಗದ್ದಲ ಮಾಡಬಾರದು. ಹಾಡುವಂತಿಲ್ಲ, ಅಣಕಿಸುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ, ಸೂಜಿ ಹಿಡಿಯುವಂತಿಲ್ಲ, ಉಗುರು ಸಹ ಕತ್ತರಿಸುವಂತಿಲ್ಲ. ಪಟ್ಟಣದವರು ಇದನ್ನು ಮುಕ್ಕಾಲು ಮರೆತಿದ್ದರು. ಕಗೆಯಾಮ ದೋಣಿ ನಡೆಸುತ್ತಲೇ ರಾಗ ಎಳೆಯುತ್ತಿದ್ದ, ಉಗುರನ್ನೂ ಕಡಿಯುತ್ತಿದ್ದ.

"ನೀನು ಸುಮ್ನಿರ್ತೀಯ ಸರಿ. ಟೇಪು ಕಿರಿಚ್ಕೊಳ್ತಾ ಇರತ್ತಲ್ಲ, ಅದು ದೇವರಿಗೆ ಕೇಳಿಸಲ್ವಾ?" ಎಂದು ಅವನು ಕೇಳಿದರೆ ತೊಕುಜಿ ಮೆಲ್ಲಗೆ, "ಅದು ನಾನಲ್ಲ. ಕಂಪನಿ," ಎನ್ನುತ್ತಿದ್ದ.

ನಲವತ್ತಾರು ವರ್ಷಗಳಿಂದ ಈ ವಾರ ಅವನು ಒಂದು ರಾಗವನ್ನೂ ಗುನುಗಿದವನಲ್ಲ. ಅಂಥ ಕಷ್ಟವೂ ಅನಿಸಿರಲಿಲ್ಲ. ಈ ಸಲ ಮಾತ್ರ ಆ ಮೌನ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ನಿಂತಿತ್ತು. ಕಾರಣ, ಚಿಗುಸಾ ಬಂದಿದ್ದಳು.

ಚಿಗುಸಾ ಗುಡ್ಡಗಳಾಚೆಯ ತ್ಸುಯಾಮಾದವಳು. ಐವತ್ತೇಳು ವರ್ಷ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು, ಎರಡೂ ಕೆಲಸ ಒಂದೇ ವರ್ಷ ಮುಗಿದು ಹೋದಾಗ, ಇನ್ನು ಬೇರೆಯವರು ಬೇಯಿಸಿದ್ದನ್ನು ತಿನ್ನೋಣ ಎಂದು ರೈಲು ಹತ್ತಿದವಳು. ನಾನೂರು ವರ್ಷಗಳಿಂದ ಒಂದೇ ಊರಲ್ಲಿ ಒಂದೇ ರೀತಿ ತಿನ್ನುತ್ತಿರುವುದೇನು ಎಂದು ಅವಳಿಗೆ ತಿಳಿಯಬೇಕಿತ್ತು. ಕಳೆದ ವಸಂತದಲ್ಲಿ ಮೊದಲ ಸಲ ಬಂದಳು, ಬೇಸಗೆಯಲ್ಲಿ ಮತ್ತೆ, ಹುಣ್ಣಿಮೆಗೆ ಇನ್ನೊಮ್ಮೆ. ಪ್ರತಿ ಸಲವೂ ತೊಕುಜಿಯ ದೋಣಿ. ಅವಳು ತಿನ್ನುವಾಗ ಕಣ್ಣು ಮುಚ್ಚುತ್ತಿದ್ದಳು, ನಗುವಾಗ ತೆರೆಯುತ್ತಿದ್ದಳು. ಒಂದರ ಮೇಲೊಂದು ಇಟ್ಟ ಮೂರು ಕೆಂಪು ಬಟ್ಟಲಲ್ಲಿ ಬರುವ, ಶ್ಯಾವಿಗೆಯಂಥ ಸೊಬಾ ಎಳೆಗಳನ್ನು ತಿನ್ನುವಾಗ, ಮೊದಲ ಬಟ್ಟಲಲ್ಲಿ ಉಳಿದ ರಸವನ್ನು ಎರಡನೆಯದಕ್ಕೆ ಸುರಿದುಕೊಳ್ಳಬೇಕು ಎಂದು ತೋರಿಸಿಕೊಟ್ಟವನು ತೊಕುಜಿ. ಅದನ್ನು ಅವನು ಸೊಬಾ ಅಂಗಡಿಯ ಸಿಡುಕು ಯಜಮಾನನ ದನಿಯಲ್ಲಿ ಹೇಳಿದ್ದ. ಯಜಮಾನ ಹಿಂದೆಯೇ ನಿಂತಿದ್ದ. ಚಿಗುಸಾ ನಕ್ಕು ನಕ್ಕು ಮೂರನೆಯ ಬಟ್ಟಲನ್ನು ಮುಗಿಸಲಾಗದೆ, ತೊಕುಜಿಯ ಕಡೆಗೆ ತಳ್ಳಿದ್ದಳು.

ಆ ಮೂರನೆಯ ಬಟ್ಟಲು ತಿಂದಾಗಿನಿಂದ ತೊಕುಜಿಯ ನಿದ್ದೆ ಹದ ತಪ್ಪಿತ್ತು.

ಈಗ ನಾಲ್ಕನೆಯ ಸಲ ಬಂದಿದ್ದಳು, ಬರಿಯ ಊಟಕ್ಕಲ್ಲ. ಕಂದಕದ ಆಚೆ ದಡದಲ್ಲಿ ಬೊಟೆಬೊಟೆ ಚಹಾದ ಅಂಗಡಿ ನಡೆಸುವ ಎಂಬತ್ತನಾಲ್ಕರ ಉಮೆನೊ ಅಜ್ಜಿ, "ನನ್ನ ಕೈ ಸೋತಿದೆ, ನೀನು ಬಂದು ಅಂಗಡಿ ನೋಡ್ಕೋ, ಮೇಲಿನ ಕೋಣೇಲಿ ಇರು," ಎಂದು ಕಾಗದ ಬರೆದಿದ್ದಳು. ಚಿಗುಸಾ ಮೂರು ದಿನ ಇದ್ದು ನೋಡಿ ಉತ್ತರ ಹೇಳುತ್ತೇನೆ ಎಂದು ಬಂದಳು. ಇಂದು ಮೂರನೆಯ ದಿನ. ದೇವರುಗಳು ಹೊರಡುವುದು ನಾಳೆ ಸಂಜೆ. ಅವಳ ರೈಲು ಇಂದು ನಾಲ್ಕಕ್ಕೆ.

ಹತ್ತು ಗಂಟೆಯ ಚಹಾಕ್ಕೆ ತೊಕುಜಿ ಉಮೆನೊಳ ಅಂಗಡಿಗೆ ಹೋದಾಗ ಅಜ್ಜಿ ಒಬ್ಬಳೇ ಇದ್ದಳು. ಬಿದಿರಿನ ಉದ್ದ ಕುಂಚದಿಂದ ಚಹಾ ಕಡೆಯುತ್ತಿದ್ದಳು, ಬಟ್ಟಲಲ್ಲಿ ನೊರೆ ಮೆಲ್ಲಗೆ ಮೋಡದಂತೆ ಏಳುತ್ತಿತ್ತು.

"ಬಾರೋ ಮೂಗಪ್ಪ," ಎಂದಳು. "ಮೊನ್ನೆ ಸೊಬಾ ಅಂಗಡೀಲಿ ಅವಳ ಎದುರು ಕೂತ್ಯಲ್ಲ, ಏನು ಮಾತಾಡಿದೆ?"

"ಸಾರು ಬಿಸಿಯಾಗಿದೆ ಅಂದೆ."

"ನಿನ್ನೆ?"

"ಸಾರು ಚೆನ್ನಾಗಿದೆ ಅಂದೆ."

"ಪರವಾಗಿಲ್ಲ. ಎರಡು ದಿನದಲ್ಲಿ ಸಾರಾಂಶ ಎಲ್ಲ ಹೇಳಿ ಮುಗಿಸಿದೀಯ." ಅಜ್ಜಿ ನೊರೆಯೊಳಕ್ಕೆ ಒಂದು ಚಿಟಿಕೆ ಅನ್ನ, ನಾಲ್ಕು ಕಪ್ಪು ಕಾಳು, ಹೆಚ್ಚಿದ ಉಪ್ಪಿನಕಾಯಿ ಹಾಕಿ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು. "ಅವಳು ಬೇಡ ಅಂತಾಳೆ, ತಿಳೀತಾ? ಇನ್ನೂ ಹೇಳಿಲ್ಲ. ಬೆಳಿಗ್ಗೆಯಿಂದ ಹೇಳೋಕೆ ಬಾಯಿ ಹದ ಮಾಡ್ಕೊಳ್ತಾ ಇದಾಳೆ. ನಿನ್ನೆ ಪಾತ್ರೆ ತೊಳೀತಾ ಕೇಳಿದ್ಲು, 'ಅಜ್ಜಿ, ಚಳಿಗಾಲದಲ್ಲಿ ಈ ಊರು ಹೀಗೇನಾ, ಪರಿಚಯದೋರೂ ಅಪರಿಚಿತರ ಥರ ಆಗ್ತಾರಾ' ಅಂತ."

ತೊಕುಜಿ ಬಟ್ಟಲನ್ನೇ ನೋಡುತ್ತಿದ್ದ. "ಕಟ್ಟಳೆ ಇದೆಯಲ್ಲ ಅಜ್ಜಿ."

"ಕಟ್ಟಳೆ ನನಗೂ ಗೊತ್ತು. ನಮ್ಮಜ್ಜಿ ಪಾಲಿಸ್ತಿದ್ಲು. ಹಾಡು ಬೇಡ, ಸುತ್ತಿಗೆ ಬೇಡ, ಸೂಜಿ ಬೇಡ. ಮಾತು ಬೇಡ ಅಂತ ಯಾವ ದೇವರು ಹೇಳಿದ್ದು? ನಮ್ಮಜ್ಜಿ ಈ ವಾರದಲ್ಲೇ ನಮ್ಮಜ್ಜನ್ನ ಜಾಸ್ತಿ ಬೈತಿದ್ಲು, ಮೆಲ್ಲಗೆ."

"ನಂಗೆ ಬರಿ ಮಾತು ಬರಲ್ಲ ಅಜ್ಜಿ."

"ಏನು?"

"ಯಾರದಾದ್ರೂ ದನಿ ಕೊಡಿ, ಮಾತಾಡ್ತೀನಿ. ಕಗೆಯಾಮಂದು ಕೊಡಿ, ಪುರೋಹಿತರದು ಕೊಡಿ. ನಂದೇ ತಗೊಂಡು ಏನು ಹೇಳ್ಬೇಕೋ ಗೊತ್ತಾಗಲ್ಲ."

ಉಮೆನೊ ಅವನನ್ನು ತುಸು ಹೊತ್ತು ನೋಡಿದಳು. ಎಂಬತ್ತನಾಲ್ಕು ವರ್ಷದ ಕಣ್ಣುಗಳು, ಮಂಜು ಅವುಗಳೊಳಗೂ ಸ್ವಲ್ಪ ಇಳಿದಿತ್ತು. "ಅರವತ್ತಮೂರು ವರ್ಷ ಬಾಡಿಗೆ ಮನೇಲಿದ್ದೀಯ ಅನ್ನು," ಎಂದಳು. "ಸ್ವಂತದ್ದು ಬೀಗ ಹಾಕಿಟ್ಟು."

ಅಷ್ಟರಲ್ಲಿ ಚಿಗುಸಾ ಮೆಟ್ಟಿಲಿಳಿದು ಬಂದಳು. ಊರಿಗೆ ಹೊರಟವರ ಬಣ್ಣದ, ಅಂದರೆ ಬೂದು ಬಣ್ಣದ ಕೋಟು ತೊಟ್ಟಿದ್ದಳು. ತೊಕುಜಿಯನ್ನು ಕಂಡು ತಲೆ ಬಾಗಿಸಿದಳು. ಅವನೂ ಬಾಗಿಸಿದ. ಅವಳು ಎದುರು ಕೂತು, ಬಟ್ಟಲನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಅದರ ತಳವನ್ನು ತಟ್ಟತೊಡಗಿದಳು. ಬೊಟೆಬೊಟೆ ಚಹಾಕ್ಕೆ ಕಡ್ಡಿಯಿಲ್ಲ, ಚಮಚವಿಲ್ಲ. ಅನ್ನ, ಕಾಳು, ಉಪ್ಪಿನಕಾಯಿ ಎಲ್ಲ ಒಂದು ಕಡೆಗೆ ಸರಿದು ಬರುವ ಹಾಗೆ ತಟ್ಟಿ, ತಟ್ಟಿ, ಒಂದೇ ಗುಟುಕಿಗೆ ಬಾಯಿಗೆ ಎಸೆದುಕೊಳ್ಳಬೇಕು. ಹೊರಗಿನವರಿಗೆ ಮೂಗಿನ ಮೇಲೆ ನೊರೆ ಖಂಡಿತ. ವಸಂತದಲ್ಲಿ ಅವಳಿಗೂ ಹತ್ತಿತ್ತು. ಇಂದು ಒಂದು ಕಾಳೂ ತಪ್ಪಲಿಲ್ಲ. ಕಣ್ಣು ಮುಚ್ಚಿ ನುಂಗಿದಳು, ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಚೆನ್ನಾಗಿ ತಟ್ತೀರಿ," ಎಂದ ತೊಕುಜಿ.

"ಹೌದಾ," ಎಂದಳು ಚಿಗುಸಾ.

ಉಮೆನೊ ಛಾವಣಿಯ ಕಡೆ ನೋಡಿ ನಿಟ್ಟುಸಿರಿಟ್ಟಳು. "ಎರಡೂವರೆಗೆ ಇವನ ದೋಣಿ ಇದೆ ಕಣಮ್ಮ," ಎಂದು ಚಿಗುಸಾಳಿಗೆ ಹೇಳಿದಳು. "ಒಂದು ಸುತ್ತು ಹೋಗಿ ಪೇಟೆ ಕಟ್ಟೇಲಿ ಇಳ್ಕೋ, ಅಲ್ಲಿಂದ ಸ್ಟೇಷನ್ನಿಗೆ ನಾಲ್ಕು ಹೆಜ್ಜೆ. ಉತ್ತರ ನನಗೆ ಆಮೇಲೆ ಫೋನಲ್ಲಿ ಹೇಳು. ಈ ವಯಸ್ಸಲ್ಲಿ ಬೇಡ ಅನ್ನೋದನ್ನ ಮುಖ ನೋಡ್ಕೊಂಡು ಕೇಳೋಕೆ ನನಗಾಗಲ್ಲ."

ಎರಡೂವರೆಗೆ ಮಂಜು ಇನ್ನೂ ದಪ್ಪವಾಗಿತ್ತು. ದೋಣಿಯಲ್ಲಿ ನಗೊಯಾದಿಂದ ಬಂದ ಗಂಡ ಹೆಂಡತಿ, ಮತ್ತು ಚಿಗುಸಾ. ಮೂವರೂ ತಗ್ಗು ಮೇಜಿನಡಿಯ ಅಗ್ಗಿಷ್ಟಿಕೆಗೆ ಕಾಲು ಚಾಚಿ, ಹೂವಿನ ರಜಾಯಿಯನ್ನು ಸೊಂಟದವರೆಗೆ ಎಳೆದುಕೊಂಡರು. ಮೂತಿಯ ಕಡೆಯ ದಿಂಬು ಖಾಲಿ. ತೊಕುಜಿ ಹಿಂದಿನ ತುದಿಯಲ್ಲಿ ಕೂತು ಗುಂಡಿ ಒತ್ತಿದ. "ನಮಸ್ಕಾರ, ನಮಸ್ಕಾರ, ಕೋಟೆಯ ಕಂದಕಕ್ಕೆ ಸುಸ್ವಾಗತ," ಎಂದು ಟೇಪಿನ ತೊಕುಜಿ ಕುಣಿಯುತ್ತ ಶುರು ಮಾಡಿದ.

ಎರಡೂ ದಡಗಳು ಕಾಣದಾಗಿದ್ದವು. ಒಮ್ಮೆ ಒಂದು ಪೈನ್ ಕೊಂಬೆ ತಾನೊಂದೇ ತೇಲಿ ಬಂತು, ಮತ್ತೆ ಹೋಯಿತು. ಒಮ್ಮೆ ಕಲ್ಲಿನ ಗೋಡೆಯ ಪಾಚಿ ಯಾರೋ ಹಾಸಿದ ಹಸಿರು ಬಟ್ಟೆಯಂತೆ ಮೆಲ್ಲಗೆ ಜಾರಿತು. ನೀರು ಯಾವುದು, ಗಾಳಿ ಯಾವುದು ಎಂದು ಕೊಕ್ಕರೆಗೂ ಅನುಮಾನವಿದ್ದಂತಿತ್ತು, ಒಂದು ಕಾಲನ್ನು ಎರಡಕ್ಕೂ ಕೊಡದೆ ಮೇಲೆತ್ತಿ ನಿಂತಿತ್ತು. ಬೇರೆ ದೋಣಿಗಳಿಂದಲೂ ಅದೇ ಟೇಪು ಕೇಳುತ್ತಿತ್ತು. ಮಂಜಿನ ಆಚೆ ಒಬ್ಬ ತೊಕುಜಿ, ಈಚೆ ಒಬ್ಬ ತೊಕುಜಿ, ಸೇತುವೆಯ ಆ ಬದಿಗೆ ಹದ್ದಿನಂತೆ ಕೂಗುವ ಮೂರನೆಯವನು. ನಡುವೆ ಬಾಯಿ ಮುಚ್ಚಿ ಕೂತವನೊಬ್ಬನೇ ನಿಜವಾದವನು, ಅವನೇ ಎಲ್ಲರಿಗಿಂತ ಕಡಿಮೆ ಇದ್ದ.

ಕೋಟೆ ಬಾಗಿಲ ಕಟ್ಟೆಯಲ್ಲಿ ನಗೊಯಾದ ದಂಪತಿ ಇಳಿದುಹೋದರು. ದೋಣಿ ಮತ್ತೆ ಹೊರಟಿತು. "ಮುಂದೆ ಬರೋದು ಬಲು ಗಿಡ್ಡ ಸೇತುವೆ, ಎಲ್ರೂ ತಲೆ ಬಗ್ಗಿಸಿ, ಅಹಂಕಾರ ಇದ್ದೋರು ಇನ್ನೂ ಸ್ವಲ್ಪ," ಎನ್ನುತ್ತಿದ್ದ ಟೇಪಿನವನನ್ನು ತೊಕುಜಿ ಅರ್ಧ ಮಾತಿನಲ್ಲೇ ಆರಿಸಿದ.

ನೀರಿನ ಸದ್ದು ಮಾತ್ರ ಉಳಿಯಿತು.

"ಯಾಕೆ ಆರಿಸಿದ್ರಿ?" ಎಂದಳು ಚಿಗುಸಾ ಹಿಂತಿರುಗಿ ನೋಡದೆ. "ಚೆನ್ನಾಗಿ ಮಾತಾಡ್ತಿದ್ರು ಆ ಮನುಷ್ಯ. ಅವರ ಜೊತೆ ಮೂರು ಸಲ ಬಂದಿದ್ದೆ ನಾನು ಈ ದೋಣೀಲಿ. ಈಗ ಎಲ್ಲಿಗೆ ಹೋಗಿದಾರೋ."

"ರಜದಲ್ಲಿದಾರೆ."

"ಯಾವಾಗ ಬರ್ತಾರೆ?"

"ನಾಳೆ ಸಂಜೆ. ದೇವರುಗಳು ಹೊರಟ ಮೇಲೆ."

"ನನ್ನ ರೈಲು ಇವತ್ತು ನಾಲ್ಕಕ್ಕೆ, ತೊಕುಜಿ-ಸಾನ್."

ಸೇತುವೆ ಬಂತು. ತೊಕುಜಿ ಸನ್ನೆಕೋಲು ಎಳೆದ. ಗಿಡ್ಡ ಸೇತುವೆಗಳಿಗೆಂದೇ ತಗ್ಗುವ ದೋಣಿಯ ಮಾಡು ಗುರುಗುಟ್ಟುತ್ತ ಕೆಳಗಿಳಿಯಿತು. ಇಬ್ಬರೂ ಬಗ್ಗಿದರು, ಅವಳು ಕೆನ್ನೆಯನ್ನು ರಜಾಯಿಗೆ ಒತ್ತಿ, ಅವನು ಎದೆಯನ್ನು ಮೊಣಕಾಲಿಗೆ ಒತ್ತಿ. ಸೇತುವೆಯಡಿಯ ಕತ್ತಲಿಗೆ ಹಳೆಯ ಬಾವಿಯ ವಾಸನೆಯಿತ್ತು. ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ.

"ನಾನು ಒಂದು ಸಲ ದೇವರುಗಳನ್ನ ಎರಡು ದಿನ ಮುಂಚೆ ಮನೆಗೆ ಕಳಿಸಿಬಿಟ್ಟೆ," ಎಂದ ತೊಕುಜಿ.

ಹೇಳಿದವರು ಯಾರು ಎಂದು ಅವನಿಗೇ ಒಂದು ಕ್ಷಣ ತಿಳಿಯಲಿಲ್ಲ. ದನಿ ಸ್ವಲ್ಪ ಒರಟು, ಸ್ವಲ್ಪ ಸಣ್ಣದು, ಬಹಳ ದಿನ ಪೆಟ್ಟಿಗೆಯಲ್ಲಿಟ್ಟ ಅಂಗಿಯಂತೆ ಮಡಿಕೆ ಬಿದ್ದಿತ್ತು.

ಮಾಡು ಮೇಲೆದ್ದಿತು. ಚಿಗುಸಾ ಈಗ ತಿರುಗಿ ಕೂತಿದ್ದಳು. "ಏನಂದ್ರಿ?"

"ನಮ್ಮ ಹಳ್ಳೀಲಿ ದೇವರು ಹೊರಡೋ ದಿನ ಪುರೋಹಿತರು ಗುಡಿ ಬಾಗಿಲನ್ನ ಪ್ಲಮ್ ಕೊಂಬೇಲಿ ಮೂರು ಸಲ ತಟ್ಟಿ, 'ಹೊರಡೋ ಹೊತ್ತಾಯ್ತು, ಹೊರಡೋ ಹೊತ್ತಾಯ್ತು' ಅಂತ ಕೂಗ್ತಾರೆ. ಉದ್ದಕ್ಕೆ, ಮೂಗಲ್ಲಿ. ಮನೆಮನೇಲಿ ಜನ ಬಾಗಿಲು ಹಾಕ್ಕೊಂಡು ಕಾಯ್ತಿರ್ತಾರೆ. ಆ ಕೂಗು ಕೇಳಿದ ಮೇಲೇನೇ ಹಾಡು, ಸುತ್ತಿಗೆ, ಸೂಜಿ, ಎಲ್ಲ. ನಂಗೆ ಆಗ ಹದಿನೇಳು. ಪುರೋಹಿತರ ದನಿ ಆ ವರ್ಷ ತಾನೇ ಕೂತಿತ್ತು ನನ್ನ ಗಂಟಲಲ್ಲಿ. ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ, ಸುಮ್ನಿರೋಕೇ ಆಗ್ಲಿಲ್ಲ."

"ಕೂಗಿದ್ರಾ?"

"ಮುಸ್ಸಂಜೇಲಿ. ಗುಡಿ ಹಿಂದೆ ನಿಂತ್ಕೊಂಡು. ಬಾಗಿಲು ತಟ್ಟಿದ್ದೂ ಸರಿಯಾಗೇ ತಟ್ಟಿದ್ದೆ."

ಹೇಳುತ್ತಿರುವಂತೆ ಪುರೋಹಿತರ ಮೂಗುದನಿ ಅವನ ಗಂಟಲಿಗೆ ತಾನಾಗಿ ಏರಿ ಬಂತು, ಹಳೆಯ ನಾಯಿ ಕಾಲು ಸುತ್ತುವ ಹಾಗೆ. ಒಂದೇ ಒಂದು ಸಲ ಬಿಟ್ಟರೆ ಅವಳು ವಸಂತದ ಹಾಗೆ ನಕ್ಕುಬಿಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ನುಂಗಿಕೊಂಡ.

"ಆಮೇಲೆ?"

"ಆಮೇಲೆ ಇಡೀ ಹಳ್ಳಿ ಬಾಗಿಲು ತೆಗೀತು. ಬಡಗಿ ನಾಲ್ಕು ದಿನದಿಂದ ನಿಲ್ಲಿಸಿದ್ದ ಮೊಳೆ ಹೊಡೆಯೋಕೆ ಶುರು ಮಾಡ್ದ. ನಮ್ಮಮ್ಮ ಹರಿದ ಅಂಗಿ, ಸೂಜಿ ತಗೊಂಡ್ಲು. ಎದುರು ಮನೆಯೋರು ಕುಡಿಯೋಕೆ ಅಂತ ಸಾಕೆ ಬಿಸಿಗಿಟ್ರು. ಮುದುಕರೆಲ್ಲ ಜಗಲೀಲಿ ಸಾಲಾಗಿ ಕೂತು ಕಾಲುಗುರು ಕತ್ತರಿಸ್ಕೊಳ್ತಾ ಇದ್ರು. ಆಗ ನಿಜವಾದ ಪುರೋಹಿತರು ಸ್ನಾನದ ಮನೆಯಿಂದ ಬಂದ್ರು, ತಲೆ ಮೇಲೆ ಒದ್ದೆ ಬಟ್ಟೆ. 'ದೇವರನ್ನ ಕಳಿಸಿದ್ದು ಯಾರು' ಅಂತ ಕೇಳಿದ್ರು. ಬಡಗಿ ಸುತ್ತಿಗೆ ಎತ್ತಿದ್ದೋನು ಎತ್ತಿದ ಹಾಗೇ ನಿಂತ."

ಚಿಗುಸಾಳ ತುಟಿ ಅದುರಿತು. ಅವಳು ರಜಾಯಿಯ ಅಂಚನ್ನು ಬಾಯಿಗೆ ಒತ್ತಿಕೊಂಡಳು. "ಅವರನ್ನ ವಾಪಸ್ ಕರೆಯೋಕೆ?"

"ಅದಕ್ಕೆ ಶಾಸ್ತ್ರವೇ ಇಲ್ಲ. ಬರಮಾಡಿಕೊಳ್ಳೋಕಿದೆ, ಕಳಿಸೋಕಿದೆ. ತಪ್ಪಾಗಿ ಕಳಿಸಿದ್ದಕ್ಕೆ ಇಲ್ಲ. ಹಿರಿಯರು ಕೂತು ಮಾತಾಡಿ, ಎರಡು ದಿನ ಬಿಟ್ಟು ಇನ್ನೊಂದು ಸಲ ಸರಿಯಾಗಿ ಕಳಿಸಿದ್ರು. ಸಾಕೆ ಕುಡೀತಾ ಯಾರಾದ್ರೂ ಹಿಂದೆ ಉಳ್ಕೊಂಡಿದ್ರೆ ಇರಲಿ ಅಂತ."

ಎರಡನೆಯ ಸೇತುವೆ ಬಂತು. ಮಾಡು ಇಳಿಯಿತು, ಇಬ್ಬರೂ ಬಗ್ಗಿದರು. ರಜಾಯಿಯೊಳಗಿಂದ ಅವಳು ನಗುವ ಸದ್ದು ಉಸಿರಿನಷ್ಟೇ ಮೆಲ್ಲಗೆ ಬರುತ್ತಿತ್ತು. ಈ ಕತ್ತಲು ಮುಗಿಯುವುದರೊಳಗೆ ಉಳಿದದ್ದನ್ನು ಹೇಳದಿದ್ದರೆ ಬೆಳಕಿನಲ್ಲಿ ತನ್ನಿಂದಾಗದು ಎಂದು ತೊಕುಜಿಗೆ ಅನಿಸಿತು.

"ಮುಂದಿನ ಇಡೀ ವರ್ಷ ನಮ್ಮ ಹಳ್ಳೀಲಿ ಒಂದೇ ಒಂದು ಮದುವೆ ಕೂಡಲಿಲ್ಲ," ಎಂದ. "ಅಜ್ಜಿಯರೆಲ್ಲ ಹೇಳಿದ್ರು, ಪಟ್ಟಿ ಅರ್ಧ ಓದೋ ಹೊತ್ತಿಗೆ ಇವನು ಎಬ್ಬಿಸಿ ಕಳಿಸಿದ, ಉಳಿದ ಪುಟ ಹಾಗೇ ಉಳೀತು ಅಂತ. ಬೇರೆಯೋರಿಗೆ ಆಮೇಲಾಮೇಲೆ ಆಯ್ತು. ನನ್ನ ಹೆಸರು ಕಡೇ ಪುಟದಲ್ಲಿತ್ತೋ ಏನೋ. ನಂಗೆ ನಂಬಿಕೆ ಅಂತಲೂ ಅಲ್ಲ, ಅಪನಂಬಿಕೆ ಅಂತಲೂ ಅಲ್ಲ. ಈ ವಾರ ಬಂದ್ರೆ ಮಾತ್ರ ಉಸಿರು ಬಿಡೋಕೂ ಹೆದ್ರಿಕೆ ಆಗತ್ತೆ. ನೀವು ಬೇರೆ ಯಾವ ವಾರದಲ್ಲಿ ಬಂದಿದ್ರೂ ನಾನು ನಗಿಸ್ತಿದ್ದೆ. ನೀವು ಇದೇ ವಾರ ಬಂದ್ರಿ. ನಿಮ್ಮ ಮೇಲೆ ಬೇಸರ ಅಲ್ಲ. ಬೇಸರ ಅಲ್ಲ."

ಮಾಡು ಮೇಲೆದ್ದಾಗ ಚಿಗುಸಾ ನಗುತ್ತಿರಲಿಲ್ಲ. ಮಂಜಿನ ಹನಿಗಳು ಅವಳ ಹುಬ್ಬಿನ ಮೇಲೆ ಸಾಲಾಗಿ ಕೂತಿದ್ದವು. ಲೆಕ್ಕ ಹಾಕುವವಳಂತೆ ಬೆರಳು ಮಡಿಸಿದಳು.

"ನಿಮಗೆ ಆಗ ಹದಿನೇಳು ಅಂದ್ರೆ ನಂಗೆ ಹನ್ನೊಂದು," ಎಂದಳು. "ಆ ಪಟ್ಟೀಲಿ ನನ್ನ ಹೆಸರಿರೋಕೆ ಸಾಧ್ಯವೇ ಇಲ್ಲ. ನಂಗೆ ಮದುವೆ ಆಗಲಿಲ್ಲ ಅಂತ ನಿಮ್ಮ ಮೇಲೆ ತಪ್ಪು ಹೊರಿಸೋಕಾಗಲ್ಲ, ಪಾಪ."

"ಇಲ್ಲ," ಎಂದ ತೊಕುಜಿ.

"ಇನ್ನೊಂದು ಮಾತು. ನಮ್ಮ ಶಾಲೆ ಸಮಿತಿಯೋರು ಊಟದ ವಿಷಯಕ್ಕೆ ತಿಂಗಳಿಗೊಂದು ಸಭೆ ಮಾಡ್ತಿದ್ರು. ಅರ್ಧಕ್ಕೆ ಎದ್ದು ಹೋದ್ರೆ ಮುಂದಿನ ಸಲ ಎಲ್ಲಿಂದ ಶುರು ಮಾಡ್ತಿದ್ರು ಗೊತ್ತಾ? ಬಾಕಿ ಉಳಿದಿದ್ದರಿಂದ. ಬದನೆಕಾಯಿ ಬೇಕೋ ಬೇಡವೋ ಅಂತ ಎಂಟು ತಿಂಗಳು ಬಾಕಿ ಉಳಿದಿತ್ತು, ಎಂಟು ತಿಂಗಳೂ ಅದನ್ನೇ ಮೊದಲು ತಗೊಂಡ್ರು. ಶಾಲೆ ಸಮಿತಿಗೆ ಇರೋ ಬುದ್ಧಿ ದೇವರುಗಳಿಗಿರಲ್ವಾ?"

ತೊಕುಜಿ ಈ ದಿಕ್ಕಿನಿಂದ ಯೋಚಿಸಿರಲಿಲ್ಲ. ನಲವತ್ತಾರು ವರ್ಷ ಅವನ ತಲೆಯಲ್ಲಿ ಆ ಕೊನೆಯ ಪುಟ ಯಾರೂ ಎತ್ತಿಕೊಳ್ಳದೆ ನೆಲದ ಮೇಲೆ ಬಿದ್ದಿತ್ತು.

"ಮುಂದಿನ ವರ್ಷವೇ ನಿಮ್ಮ ಹೆಸರು ಮೊದಲು ಕೂಗಿರ್ತಾರೆ," ಎಂದಳು ಚಿಗುಸಾ. "ಅದರ ಮುಂದಿನ ವರ್ಷವೂ. ತೊಕುಜಿ ಇದ್ದಾನಾ ಅಂತ. ನೀವು ಯಾರದೋ ದನೀಲಿ 'ಇದ್ದೀನಿ' ಅಂದಿರ್ತೀರಿ. ಅವರು ಅತ್ತ ಇತ್ತ ನೋಡಿ, ಇವನು ಅವನಲ್ಲ ಅಂತ ಮುಂದಿನ ಹೆಸರಿಗೆ ಹೋಗಿರ್ತಾರೆ."

ಮೋಟಾರು ತನ್ನಷ್ಟಕ್ಕೆ ಗೊಣಗುತ್ತಿತ್ತು. ಬಲಗಡೆಯ ಮಂಜು ತುಸು ತೆಳುವಾಗಿ, ಪೇಟೆಯ ಹೆಂಚಿನ ಮಾಡುಗಳು ಒಂದೊಂದಾಗಿ, ಮೊದಲು ಅಂಚು, ಆಮೇಲೆ ಬೆನ್ನು, ನೆನಪಾದ ಹಾಗೆ ಮೂಡತೊಡಗಿದವು. ಎಲ್ಲೋ ಹಾರುಮೀನು ಸುಡುವ ವಾಸನೆ. ಪೇಟೆ ಕಟ್ಟೆ ಇನ್ನು ನೂರು ಮಾರು ದೂರವಿತ್ತು. ಅಲ್ಲಿ ಅವಳು ಇಳಿಯಬೇಕು.

ತೊಕುಜಿ ದೋಣಿಯನ್ನು ನಿಧಾನ ಮಾಡಿದ. ಅದಕ್ಕಿಂತ ನಿಧಾನ ಮಾಡಿದರೆ ಅದು ನಿಲ್ಲುತ್ತಿತ್ತು.

"ಚಿಗುಸಾ-ಸಾನ್," ಎಂದ. ಗಂಟಲು ಸರಿ ಮಾಡಿಕೊಂಡ. ಹದ್ದು, ಕೊಕ್ಕರೆ, ಕಗೆಯಾಮ, ಪುರೋಹಿತರು, ಎಲ್ಲರೂ ಸಾಲಾಗಿ ನಿಂತು ತಮ್ಮ ತಮ್ಮ ದನಿ ಚಾಚುತ್ತಿದ್ದರು, ಇದನ್ನು ತಗೋ, ಇದನ್ನು ತಗೋ ಎಂದು. ಅವನು ಯಾರದನ್ನೂ ತೆಗೆದುಕೊಳ್ಳಲಿಲ್ಲ. "ಹೋಗಬೇಡಿ. ಅಂದ್ರೆ, ಹೋಗಬೇಡಿ ಅಂತ ಹೇಳೋಕೆ ನಾನ್ಯಾರು. ಆದ್ರೂ ಹೋಗಬೇಡಿ. ಅಜ್ಜಿಗೆ ಅಂತ ಅಲ್ಲ. ಅಜ್ಜಿಗೂ ಆಗತ್ತೆ. ನಂಗೆ ಅಂತ ಹೇಳ್ತಾ ಇದೀನಿ."

ಅಷ್ಟೇ ಬಂತು. ಚೆನ್ನಾಗಿರಲಿಲ್ಲ. ಟೇಪಿನವನಾಗಿದ್ದರೆ ಇದನ್ನೇ ಎಷ್ಟು ಸೊಗಸಾಗಿ ಹೇಳುತ್ತಿದ್ದ ಎಂದು ತೊಕುಜಿಗೆ ಅನಿಸಿತು.

ಕಟ್ಟೆ ಹತ್ತಿರ ಬಂತು. ಟಿಕೆಟಿನವ ಕೈಯಲ್ಲಿ ಹಗ್ಗ ಹಿಡಿದು ಮಂಜಿನೊಳಗಿಂದ ಬಾಗಿ, "ಇಳಿಯೋರಿದಾರಾ?" ಎಂದು ಕೇಳಿದ.

ತೊಕುಜಿ ನೀರು ನೋಡಿದ. ಚಿಗುಸಾ ಕೋಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ, ಕೋಟನ್ನು ಕಳಚಿ, ಪಕ್ಕಕ್ಕೆ ಮಡಿಸಿಟ್ಟು, ರಜಾಯಿಯನ್ನು ಮತ್ತೆ ಸೊಂಟಕ್ಕೆ ಎಳೆದುಕೊಂಡಳು.

"ಯಾರೂ ಇಲ್ಲ," ಎಂದಳು ಟಿಕೆಟಿನವನಿಗೆ.

ದೋಣಿ ಕಟ್ಟೆಯನ್ನು ದಾಟಿತು. ಮಂಜು ಮತ್ತೆ ಎರಡೂ ಕಡೆಯಿಂದ ಬಂದು ಮುಚ್ಚಿಕೊಂಡಿತು.

"ಅಜ್ಜಿಯ ಅಡುಗೆಮನೇಲಿ ಹೊಗೆ ಸರಿಯಾಗಿ ಹೊರಗೆ ಹೋಗಲ್ಲ, ನೋಡಿದೀರಾ?" ಎಂದಳು ಚಿಗುಸಾ. "ಒಲೆ ಮೇಲಿನ ಕೊಳವೆ ಗೋಡೆ ಬಿಟ್ಟು ಬಂದಿದೆ. ಚಹಾಕ್ಕೆಲ್ಲ ಹೊಗೆ ವಾಸನೆ ಹತ್ತತ್ತೆ. ನಾಲಿಗೆಗೆ ಗೊತ್ತಾಗತ್ತೆ ನಂಗೆ. ಅಜ್ಜಿಗೆ ಅಭ್ಯಾಸ ಆಗಿಬಿಟ್ಟಿದೆ. ಅದನ್ನ ಬಿಗಿ ಮಾಡೋರು ಈ ಊರಲ್ಲಿ ಯಾರಾದ್ರೂ ಇದಾರಾ?"

"ನಾನೇ ಮಾಡ್ತೀನಿ," ಎಂದ ತೊಕುಜಿ. "ಆದ್ರೆ ನಾಲ್ಕು ಮೊಳೆ ಹೊಡೀಬೇಕಾಗತ್ತೆ. ಈಗ ಆಗಲ್ಲ."

"ಈಗ ಯಾರು ಕೇಳಿದ್ರು," ಎಂದಳು ಅವಳು, ಮೇಜಿನ ಮೇಲೆ ಮೊಣಕೈಯೂರಿ, ಕಣ್ಣು ಮುಚ್ಚಿ. "ಸಭೆ ಮುಗೀಲಿ. ನಾಳಿದ್ದು ಬನ್ನಿ, ಬೆಳಿಗ್ಗೆನೇ. ಏಣಿ ಇಲ್ಲ ನಮ್ಮ ಹತ್ರ, ಬರೋವಾಗ ತಗೊಂಡು ಬನ್ನಿ."